ಹಿತ್ತಲ ಟ್ರೇಗಳಲ್ಲಿ ಹೊಗೆಸೊಪ್ಪಿನ ಸಸಿ

ಹುಣಸೂರು, ಪಿರಿಯಾಪಟ್ಟಣ, ಹೆಗ್ಗಡದೇವನಕೋಟೆ, ಕೃಷ್ಣರಾಜನಗರ, ಅರಕಲಗೂಡು ಭಾಗದ ರೈತ ಬಾಂಧವರಿಗೆ ಮೇ ತಿಂಗಳ ಮಳೆ ಎಂದರೆ ಹೊಗೆಸೊಪ್ಪಿನ ನಾಟಿಯ ಕರೆ. ಕೆಂಪು ಗೋಡು ಮರಳು ಭೂಮಿಯಲ್ಲಿ ಹದ ಬಹಳ ದಿನ ನಿಲ್ಲುವುದಿಲ್ಲ. ಮಳೆ ಬಿದ್ದ ಮೂರು ನಾಲ್ಕು ದಿನಗಳೊಳಗೆ ಸಸಿ ಹೊಲ ಸೇರಬೇಕು. ಆ ಹೊತ್ತಿಗೆ ಮಡಿಯಲ್ಲಿ ಸಸಿ ಕೊಳೆತು ಹೋಗಿದ್ದರೆ, ಇಲ್ಲವೇ ಬಲಿಯದೆ ಇದ್ದರೆ, ರೈತನು ಊರೂರು ಅಲೆದು ಸಿಕ್ಕ ಸಸಿಯನ್ನು ಸಿಕ್ಕ ಬೆಲೆಗೆ ತರಬೇಕಾಗುತ್ತದೆ. ಅದು ಯಾವ ತಳಿ, ಎಂಥ ಮಡಿಯದು, ಬೇರಿನಲ್ಲಿ ಗಂಟು ಇದೆಯೇ ಎಂದು ಕೇಳುವ ವ್ಯವಧಾನ ಆಗ ಇರುವುದಿಲ್ಲ. ಹೀಗೆ ತಂದ ಒಂದು ಹೊರೆ ಸಸಿಯೊಡನೆ ಬೇರುಗಂಟು ಜಂತುಹುಳುವೂ ಹೊಲಕ್ಕೆ ಬರುತ್ತದೆ. ಒಮ್ಮೆ ಬಂದದ್ದು ಬೇಗ ಹೋಗುವುದಿಲ್ಲ.

ಈ ಕಷ್ಟದಿಂದ ಪಾರಾಗಲು ಒಂದು ದಾರಿ ಎಂದರೆ ಸಸಿಗಳನ್ನು ಮನೆಯ ಹಿತ್ತಲಲ್ಲೇ, ಕಣ್ಣಳತೆಯಲ್ಲಿ, ಗುಳಿಗಳಿರುವ ಪ್ಲಾಸ್ಟಿಕ್ ಟ್ರೇಗಳಲ್ಲಿ ಬೆಳೆಸುವುದು. ತರಕಾರಿ ಬೆಳೆಗಾರರಿಗೆ ಇದು ಚೆನ್ನಾಗಿ ಪರಿಚಯವಿರುವ ಪದ್ಧತಿ. ಹೊಗೆಸೊಪ್ಪಿಗೆ ಇದನ್ನು ಅಳವಡಿಸುವಾಗ ಗಮನಿಸಬೇಕಾದ ಸಂಗತಿಗಳನ್ನು ಈ ಪಾಠದಲ್ಲಿ ಹೇಳಲಾಗಿದೆ.

ಬರಿಯ ಮಡಿಯ ಸಸಿಯಲ್ಲಿ ಏನು ಕೊರತೆ?

ಮಡಿಯಲ್ಲಿ ೬೦ ದಿನ ಒತ್ತೊತ್ತಾಗಿ ಬೆಳೆದ ಸಸಿಗಳು ಬೆಳಕಿಗಾಗಿ ಒಂದರ ಮೇಲೊಂದು ಬಿದ್ದು ಉದ್ದಕ್ಕೆ ಹೋಗುತ್ತವೆ. ಕಾಂಡ ತೆಳ್ಳಗೆ, ಬಣ್ಣ ಬಿಳುಪು. ಕಿತ್ತಾಗ ನೀರು ಗೊಬ್ಬರ ಹೀರುವ ಎಳೆಬೇರುಗಳೆಲ್ಲ ಮಣ್ಣಿನಲ್ಲೇ ಉಳಿದು, ಕೈಗೆ ಬರುವುದು ಬರಿಯ ತಾಯಿಬೇರು. ಇಂಥ ಸಸಿ ಹೊಲದಲ್ಲಿ ಹೊಸ ಬೇರು ಬಿಡುವವರೆಗೆ ಬಾಡಿಕೊಂಡೇ ಇರುತ್ತದೆ. ಆ ನಡುವೆ ಬಿಸಿಲು ಹೆಚ್ಚಾದರೆ ಸಾಲಿನಲ್ಲಿ ಅಲ್ಲಲ್ಲಿ ಖಾಲಿ ಬೀಳುತ್ತದೆ. ಮತ್ತೆ ಮತ್ತೆ ಸಸಿ ತುಂಬಿದ ಹೊಲದಲ್ಲಿ ಗಿಡಗಳು ಒಂದೇ ಸಮ ಬೆಳೆಯುವುದಿಲ್ಲ. ಒಂದೇ ಸಮ ಬೆಳೆಯದ ಗಿಡದ ಎಲೆ ಒಂದೇ ಕಾಲಕ್ಕೆ ಹಣ್ಣಾಗುವುದಿಲ್ಲ. ಎಳೆಯದು, ಬಲಿತದ್ದು ಎರಡೂ ಒಂದೇ ಬ್ಯಾರನ್‌ಗೆ ಹೋದರೆ ಹದ ಕೆಡುತ್ತದೆ, ಹರಾಜಿನಲ್ಲಿ ದರ್ಜೆ ಇಳಿಯುತ್ತದೆ. ಸೆಪ್ಟೆಂಬರ್, ಅಕ್ಟೋಬರ್‌ನಲ್ಲಿ ಕಾಣುವ ನಷ್ಟದ ಬೀಜ ಏಪ್ರಿಲ್ ತಿಂಗಳ ಮಡಿಯಲ್ಲೇ ಬಿದ್ದಿರುತ್ತದೆ ಎಂಬುದನ್ನು ಮರೆಯಬಾರದು.

ಟ್ರೇಯಲ್ಲಿ ಪ್ರತಿ ಸಸಿಗೂ ತನ್ನದೇ ಗುಳಿ, ತನ್ನದೇ ಬೇರಿನ ಉಂಡೆ. ನಾಟಿಯಲ್ಲಿ ಬೇರು ಹರಿಯುವುದಿಲ್ಲ. ಉಂಡೆಯ ಸಮೇತ ನೆಟ್ಟ ಸಸಿ ಬೇಗ ಚೇತರಿಸಿಕೊಳ್ಳುತ್ತದೆ. ಮಳೆ ನಾಲ್ಕು ದಿನ ತಡವಾದರೂ ಸಸಿಯನ್ನು ಟ್ರೇಯಲ್ಲೇ ತಡೆದಿಟ್ಟುಕೊಳ್ಳಬಹುದು.

ಒಂದು ಎಕರೆಯ ಲೆಕ್ಕ

ಸಾಲಿನಿಂದ ಸಾಲಿಗೆ ೯೦ ಸೆಂ.ಮೀ., ಗಿಡದಿಂದ ಗಿಡಕ್ಕೆ ೬೦ ಸೆಂ.ಮೀ. ಅಂತರದಲ್ಲಿ ಎಕರೆಗೆ ಸುಮಾರು ೭,೫೦೦ ಸಸಿಗಳು ಬೇಕು. ಖಾಲಿ ತುಂಬಲು ನೂರಕ್ಕೆ ಹತ್ತರಷ್ಟು ಹೆಚ್ಚು ಎಂದರೆ ೮,೨೫೦ ಸಸಿಗಳು. ೯೮ ಗುಳಿಗಳ ಟ್ರೇ ಆದರೆ ೮೫ ಟ್ರೇ ಸಾಕು. ಇಂಥ ಟ್ರೇ ಸುಮಾರು ೫೪ ಸೆಂ.ಮೀ. ಉದ್ದ, ೨೭ ಸೆಂ.ಮೀ. ಅಗಲ ಇರುತ್ತದೆ. ಎರಡೆರಡನ್ನು ಉದ್ದುದ್ದಕ್ಕೆ ಸೇರಿಸಿ ಸಾಲಾಗಿ ಇಟ್ಟರೆ ೧.೧ ಮೀಟರ್ ಅಗಲ, ೧೨ ಮೀಟರ್ ಉದ್ದದ ಜಾಗದಲ್ಲಿ ಒಂದು ಎಕರೆಯ ಸಸಿ ಅಡಗುತ್ತದೆ. ಬಾವಿಯ ಹತ್ತಿರ, ದನ ಕೋಳಿ ನುಗ್ಗದ ಕಡೆ, ಮನೆಯವರು ದಿನಕ್ಕೆರಡು ಸಲ ಕಣ್ಣಾಡಿಸುವ ಕಡೆ ಅಷ್ಟು ಜಾಗ ಯಾರ ಹಿತ್ತಲಲ್ಲೂ ಸಿಕ್ಕೀತು.

ಬೀಜದ ಲೆಕ್ಕ ಇನ್ನೂ ಸೋಜಿಗದ್ದು. ಹೊಗೆಸೊಪ್ಪಿನ ಬೀಜ ರಾಗಿಗಿಂತ ಎಷ್ಟೋ ಸಣ್ಣದು. ಒಂದು ಗ್ರಾಂನಲ್ಲಿ ೧೦ ರಿಂದ ೧೨ ಸಾವಿರ ಬೀಜಗಳಿರುತ್ತವೆ. ಒಂದು ಎಕರೆಗೆ ೨ ಗ್ರಾಂ ಬೀಜ ಧಾರಾಳ. ಬೀಜವನ್ನು ತಂಬಾಕು ಮಂಡಳಿಯಿಂದ ಇಲ್ಲವೇ ಹುಣಸೂರಿನ ತಂಬಾಕು ಸಂಶೋಧನಾ ಕೇಂದ್ರದಿಂದಲೇ ತರಬೇಕು. ಕಾಂಚನ್, ಎಫ್.ಸಿ.ಎಚ್. ೨೨೨ ಮೊದಲಾದವು ಈ ಭಾಗದಲ್ಲಿ ಬೆಳೆದು ಬಂದ ತಳಿಗಳು. ಸೊರಗು ರೋಗ ಕಾಣಿಸಿಕೊಂಡ ಹೊಲಕ್ಕೆ ಅದನ್ನು ತಡೆಯುವ ಎಫ್.ಸಿ.ಎಚ್. ೨೨೨ ತಳಿಯನ್ನು ಆರಿಸಬಹುದು. ನಿಮ್ಮ ಹೊಲಕ್ಕೆ ಯಾವುದು ಸೂಕ್ತವೆಂದು ಬೀಜ ತರುವಾಗಲೇ ಕೇಳಿಕೊಳ್ಳಿ.

ಮೊದಲ ಹಂತ: ಚಿಕ್ಕ ಮಡಿ

ಇಷ್ಟು ಸಣ್ಣ ಬೀಜವನ್ನು ಗುಳಿಗೊಂದರಂತೆ ಬಿತ್ತುವುದು ಕಷ್ಟ. ಆದ್ದರಿಂದ ಮೊದಲು ಚಿಕ್ಕ ಮಡಿಯಲ್ಲಿ ಮೊಳೆಸಿ, ಎಳೆಯ ಸಸಿಗಳನ್ನು ಟ್ರೇಗೆ ಕೂಡಿಸುವುದು ಸುಲಭ.

೧. ಮಾರ್ಚ್ ಮಧ್ಯಭಾಗದಲ್ಲಿ ೫ ಮೀಟರ್ ಉದ್ದ, ೧ ಮೀಟರ್ ಅಗಲ, ೧೫ ಸೆಂ.ಮೀ. ಎತ್ತರದ ಒಂದು ಮಡಿ ಮಾಡಿ. ಹಿಂದಿನ ವರ್ಷ ಹೊಗೆಸೊಪ್ಪು, ಬದನೆ, ಟೊಮ್ಯಾಟೊ ಅಥವಾ ಮೆಣಸಿನಕಾಯಿ ಬೆಳೆದಿದ್ದ ಜಾಗ ಬೇಡ.

೨. ಮಣ್ಣನ್ನು ಮೊದಲೇ ಶುದ್ಧಿ ಮಾಡಬೇಕು. ಹೊಲದ ಕಸಕಡ್ಡಿಯನ್ನು ಮಡಿಯ ಮೇಲೆ ಹರಡಿ ಸುಡುವುದು ಹಳೆಯ ಪದ್ಧತಿ. ಇದರಿಂದ ಮೇಲ್ಮಣ್ಣಿನ ರೋಗಾಣುಗಳೂ ಕಳೆಬೀಜಗಳೂ ಸಾಯುತ್ತವೆ. ಇದಕ್ಕೆ ಬದಲಾಗಿ, ಫೆಬ್ರವರಿಯಲ್ಲೇ ಮಡಿಯನ್ನು ನೆನೆಸಿ ಪಾರದರ್ಶಕ ಪಾಲಿಥೀನ್ ಹಾಳೆ ಹೊದಿಸಿ, ಅಂಚುಗಳನ್ನು ಮಣ್ಣಿನಿಂದ ಮುಚ್ಚಿ ನಾಲ್ಕರಿಂದ ಆರು ವಾರ ಬಿಟ್ಟರೆ ಬಿಸಿಲೇ ಆ ಕೆಲಸ ಮಾಡುತ್ತದೆ.

೩. ಬೀಜವನ್ನು ಪೂವಾಲಿಯ ನೀರಿಗೆ ಹಾಕಿ, ಕಲಕುತ್ತಾ ಮಡಿಯ ಮೇಲೆ ಹಿಂದಕ್ಕೂ ಮುಂದಕ್ಕೂ ಸಮನಾಗಿ ಚಿಮುಕಿಸಿ. ಅಥವಾ ಸಣ್ಣ ಮರಳಿನೊಡನೆ ಬೆರೆಸಿ ಎರಚಿ. ೫ ಚದರ ಮೀಟರಿಗೆ ೨ ಗ್ರಾಂ ಮೀರಬಾರದು. ದಟ್ಟವಾದ ಮಡಿಯೇ ಕೊಳೆ ರೋಗದ ತವರು.

೪. ಬೀಜದ ಮೇಲೆ ಮಣ್ಣು ಮುಚ್ಚಬಾರದು. ಇದು ಮೊಳೆಯಲು ಬೆಳಕು ಬೇಡುವ ಬೀಜ. ತೆಳುವಾಗಿ ಹುಲ್ಲು ಹೊದಿಸಿದರೆ ಸಾಕು. ಏಳರಿಂದ ಹತ್ತು ದಿನಗಳಲ್ಲಿ ಮೊಳಕೆ ಕಾಣಿಸುತ್ತದೆ. ಆಗ ಹುಲ್ಲನ್ನು ಒಂದೇ ಸಲ ತೆಗೆಯದೆ, ದಿನಕ್ಕೆ ಸ್ವಲ್ಪದಂತೆ ತೆಳುಮಾಡುತ್ತಾ ಬನ್ನಿ.

೫. ಮೊಳೆಯುವವರೆಗೆ ದಿನಕ್ಕೆ ಐದಾರು ಸಲ ಬಹಳ ಹಗುರವಾಗಿ ನೀರು ಚಿಮುಕಿಸಬೇಕು. ಸಸಿ ನೆಲ ಹಿಡಿದ ಮೇಲೆ ಸಲಗಳನ್ನು ಕಡಿಮೆ ಮಾಡಬೇಕು.

೨೫ ರಿಂದ ೩೦ ದಿನಗಳಲ್ಲಿ ಸಸಿ ನಾಲ್ಕೈದು ಎಲೆ ಬಿಟ್ಟು, ನಾಣ್ಯದಷ್ಟು ಹರಡಿರುತ್ತದೆ. ಇದೇ ಟ್ರೇಗೆ ಕೂಡಿಸುವ ಕಾಲ. ತಡ ಮಾಡಿದರೆ ತಾಯಿಬೇರು ಉದ್ದವಾಗಿ, ಗುಳಿಯಲ್ಲಿ ಮಡಿಚಿಕೊಳ್ಳುತ್ತದೆ.

ಎರಡನೆಯ ಹಂತ: ಟ್ರೇ

ಟ್ರೇ ತುಂಬಲು ತೆಂಗಿನ ನಾರಿನ ಪುಡಿ, ಅಂಗಡಿಯಲ್ಲಿ ಕೋಕೋಪೀಟ್ ಎಂದು ಕರೆಯುವುದು, ಹಗುರವಾಗಿದ್ದು ನೀರು ಹಿಡಿದಿಡುತ್ತದೆ. ಆದರೆ ನಾರಿನ ಕಾರ್ಖಾನೆಯ ಮುಂದೆ ರಾಶಿ ಬಿದ್ದ ಹಸಿಪುಡಿಯನ್ನು ನೇರವಾಗಿ ತುಂಬಬೇಡಿ. ಅದರಲ್ಲಿರುವ ಒಗರಿನ ಅಂಶ ಎಳೆಬೇರನ್ನು ಸುಡುತ್ತದೆ, ಕೊಳೆಯುವಾಗ ಸಾರಜನಕವನ್ನು ತಾನೇ ಕಬಳಿಸಿ ಸಸಿಯನ್ನು ಹಳದಿ ಮಾಡುತ್ತದೆ. ಚೆನ್ನಾಗಿ ಕಳಿತ, ಹಬೆಯಲ್ಲಿ ಶುದ್ಧಿ ಮಾಡಿದ ಪುಡಿಯನ್ನೇ ಕೊಳ್ಳಿ.

ಹೊಗೆಸೊಪ್ಪಿಗೆ ಇನ್ನೊಂದು ವಿಶೇಷ ಎಚ್ಚರಿಕೆ ಇದೆ. ಉಪ್ಪಿನಲ್ಲಿರುವ ಕ್ಲೋರೈಡ್ ಈ ಬೆಳೆಯ ಗುಣಕ್ಕೆ ಶತ್ರು. ಕ್ಲೋರೈಡ್ ಹೆಚ್ಚಾದ ಎಲೆ ಸರಿಯಾಗಿ ಉರಿಯುವುದಿಲ್ಲ, ತೇವ ಹೀರುತ್ತದೆ, ಮಾರುಕಟ್ಟೆಯಲ್ಲಿ ಬೀಳುತ್ತದೆ. ಆದ್ದರಿಂದಲೇ ವರ್ಜಿನಿಯಾ ಹೊಗೆಸೊಪ್ಪಿಗೆ ಮ್ಯೂರಿಯೇಟ್ ಆಫ್ ಪೊಟ್ಯಾಷ್ ಹಾಕದೆ ಸಲ್ಫೇಟ್ ಆಫ್ ಪೊಟ್ಯಾಷ್ ಹಾಕುವುದು. ನಾರಿನ ಪುಡಿಯನ್ನು ಎರಡು ಮೂರು ಸಲ ಸಿಹಿನೀರಿನಲ್ಲಿ ನೆನೆಸಿ ಬಸಿದು, ಉಪ್ಪು ಕಳೆದು ಬಳಸಿ. ನಿಮ್ಮ ಕೊಳವೆಬಾವಿಯ ನೀರು ಸವಳಾಗಿದ್ದರೆ ಪರೀಕ್ಷೆ ಮಾಡಿಸದೆ ಸಸಿಗೆ ಹಾಕಬೇಡಿ.

ತೊಳೆದ ಪುಡಿಯನ್ನು ಮುಷ್ಟಿಯಲ್ಲಿ ಹಿಂಡಿದರೆ ಬೆರಳ ಸಂದಿಯಲ್ಲಿ ನಾಲ್ಕಾರು ಹನಿ ಮಾತ್ರ ಇಳಿಯಬೇಕು. ಅದೇ ಹದ. ಹೀಗೆ ಹದ ಮಾಡಿದ ಪುಡಿ ಟ್ರೇಗೆ ಸುಮಾರು ಒಂದೂಕಾಲು ಕಿಲೋ ಬೇಕಾಗುತ್ತದೆ. ಟ್ರೈಕೊಡರ್ಮಾ ಜೈವಿಕ ಶಿಲೀಂಧ್ರದ ಪುಡಿಯನ್ನು ಪೊಟ್ಟಣದ ಮೇಲಿನ ಪ್ರಮಾಣದಲ್ಲಿ ಬೆರೆಸಿ ತುಂಬಿದರೆ ಕೊಳೆ ರೋಗಕ್ಕೆ ಮೊದಲ ತಡೆ ಸಿಕ್ಕಂತಾಗುತ್ತದೆ.

ಸಸಿ ಕೂಡಿಸುವುದು ಸಂಜೆಯ ಕೆಲಸ. ಮಡಿಗೆ ಚೆನ್ನಾಗಿ ನೀರು ಕೊಟ್ಟು, ಸಣ್ಣ ಕಡ್ಡಿಯಿಂದ ಎಬ್ಬಿಸಿ, ಎಲೆಯನ್ನು ಹಿಡಿದು ಸಸಿಯನ್ನು ಎತ್ತಿ. ಕಾಂಡವನ್ನು ಹಿಡಿಯಬಾರದು. ಎಲೆ ಮುರಿದರೆ ಇನ್ನೊಂದು ಬರುತ್ತದೆ, ಕಾಂಡ ನಲುಗಿದರೆ ಸಸಿಯೇ ಹೋಯಿತು. ಗುಳಿಯ ನಡುವೆ ಬೆರಳಿನಷ್ಟು ತೂತು ಮಾಡಿ, ಬೇರು ನೇರವಾಗಿ ಇಳಿಯುವಂತೆ ಇಟ್ಟು, ಸುತ್ತ ಮೆಲ್ಲಗೆ ಒತ್ತಿ. ಬಡಕಲು, ಹಳದಿ, ಚುಕ್ಕೆ ಬಿದ್ದ ಸಸಿಗಳನ್ನು ಕರುಣೆ ತೋರದೆ ಬಿಸಾಡಿ. ೨ ಗ್ರಾಂ ಬೀಜದಲ್ಲಿ ಇಪ್ಪತ್ತು ಸಾವಿರಕ್ಕೂ ಮೇಲೆ ಬೀಜವಿದೆ. ನಮಗೆ ಬೇಕಾದದ್ದು ಅದರಲ್ಲಿ ಅರ್ಧಕ್ಕಿಂತ ಕಡಿಮೆ, ಆದರೆ ಉತ್ತಮವಾದದ್ದು.

ಟ್ರೇಗಳನ್ನು ಬರಿಯ ನೆಲದ ಮೇಲೆ ಇಡಬಾರದು. ಇಟ್ಟಿಗೆ ಅಥವಾ ಬಿದಿರಿನ ಅಟ್ಟಣೆಯ ಮೇಲೆ ಒಂದು ಗೇಣು ಎತ್ತರದಲ್ಲಿ ಇಡಿ. ಗುಳಿಯ ತಳದ ತೂತಿನಿಂದ ಹೊರಬಂದ ಬೇರಿನ ತುದಿ ಗಾಳಿಗೆ ಒಣಗಿ ನಿಲ್ಲುತ್ತದೆ, ಒಳಗೆ ಹೆಚ್ಚು ಎಳೆಬೇರು ಕವಲೊಡೆಯುತ್ತದೆ. ನೆಲ ತಾಗಿದರೆ ಬೇರು ಮಣ್ಣಿಗಿಳಿದು ಕೀಳುವಾಗ ಹರಿಯುತ್ತದೆ. ಜಂತುಹುಳುವಿಗೂ ದಾರಿಯಾಗುತ್ತದೆ. ಮೊದಲ ವಾರ ನೆರಳು ಬಲೆ ಅಥವಾ ತೆಂಗಿನ ಗರಿಯ ಚಪ್ಪರ ಬೇಕು. ಆಮೇಲೆ ದಿನದಿಂದ ದಿನಕ್ಕೆ ಬಿಸಿಲು ಹೆಚ್ಚಿಸಿ.

ನೀರು ಮತ್ತು ಗೊಬ್ಬರ

ಗುಳಿಯಲ್ಲಿರುವುದು ಒಂದು ಹಿಡಿಗೂ ಕಡಿಮೆ ಪುಡಿ. ಬೇಸಗೆಯ ಒಂದು ಮಧ್ಯಾಹ್ನ ಮರೆತರೂ ಸಸಿ ಬಾಡುತ್ತದೆ. ಬೆಳಗ್ಗೆ ಒಮ್ಮೆ, ಮಧ್ಯಾಹ್ನ ಮೂರರ ಸುಮಾರಿಗೆ ಒಮ್ಮೆ ಪೂವಾಲಿಯಿಂದ ನೀರು ಕೊಡಿ. ರಾತ್ರಿಯಿಡೀ ಎಲೆ ಒದ್ದೆಯಾಗಿ ಉಳಿಯುವಂತೆ ಕತ್ತಲಾದ ಮೇಲೆ ನೀರು ಹಾಕಬೇಡಿ. ಅಂಚಿನ ಸಾಲುಗಳು ಬೇಗ ಒಣಗುವುದರಿಂದ ಟ್ರೇಗಳ ಸ್ಥಾನವನ್ನು ಆಗಾಗ ಬದಲಿಸಿ.

ನಾರಿನ ಪುಡಿಯಲ್ಲಿ ಆಹಾರಾಂಶ ಅತ್ಯಲ್ಪ. ಟ್ರೇಗೆ ಕೂಡಿಸಿದ ಹತ್ತು ದಿನಗಳ ಮೇಲೆ ವಾರಕ್ಕೊಮ್ಮೆ ೧೯:೧೯:೧೯ ನೀರಿನಲ್ಲಿ ಕರಗುವ ಗೊಬ್ಬರವನ್ನು ಲೀಟರಿಗೆ ೨ ರಿಂದ ೩ ಗ್ರಾಂನಂತೆ ಕೊಟ್ಟು, ಕೂಡಲೇ ಎಲೆಯ ಮೇಲೆ ತಿಳಿನೀರು ಚಿಮುಕಿಸಿ. ಸಸಿ ಹಚ್ಚ ಹಸಿರಾಗಲೆಂದು ಯೂರಿಯಾ ಸುರಿಯುವುದು ತಪ್ಪು. ಅಂಥ ಸಸಿ ನೋಡಲು ಚೆಂದ, ಹೊಲದ ಬಿಸಿಲಿಗೆ ನಿಲ್ಲದು.

ರೋಗ, ಕೀಟಗಳು

ಸಸಿ ಕೊಳೆ ರೋಗ: ಬುಡ ನೀರು ಕುಡಿದಂತಾಗಿ ಮೆತ್ತಗಾಗಿ ಸಸಿಗಳು ವೃತ್ತಾಕಾರವಾಗಿ ಬೀಳುತ್ತವೆ. ದಟ್ಟಣೆ, ಅತಿ ನೀರು, ಮೋಡದ ವಾತಾವರಣ ಮೂರೂ ಸೇರಿದರೆ ಎರಡು ದಿನಗಳಲ್ಲಿ ಮಡಿಯೇ ಖಾಲಿ. ಶೇ. ೦.೪ ರ ಬೋರ್ಡೊ ದ್ರಾವಣ ಇಂದಿಗೂ ಒಳ್ಳೆಯ ಮದ್ದು. ೪೦ ಗ್ರಾಂ ಮೈಲುತುತ್ತವನ್ನು ೫ ಲೀಟರ್ ನೀರಿನಲ್ಲೂ, ೪೦ ಗ್ರಾಂ ಒಳ್ಳೆಯ ಸುಣ್ಣವನ್ನು ಇನ್ನು ೫ ಲೀಟರ್ ನೀರಿನಲ್ಲೂ ಬೇರೆ ಬೇರೆಯಾಗಿ ಕರಗಿಸಿ, ಮೈಲುತುತ್ತದ ನೀರನ್ನು ಸುಣ್ಣದ ನೀರಿಗೆ ಕಲಕುತ್ತಾ ಸುರಿಯಿರಿ. ಮಣ್ಣಿನ ಅಥವಾ ಪ್ಲಾಸ್ಟಿಕ್ ಪಾತ್ರೆಯೇ ಆಗಬೇಕು. ಹೊಳೆಯುವ ಚಾಕುವನ್ನು ಅದರಲ್ಲಿ ಅದ್ದಿ ನೋಡಿ. ತಾಮ್ರದ ಕೆಂಪು ಅಂಟಿದರೆ ಇನ್ನಷ್ಟು ಸುಣ್ಣದ ತಿಳಿ ಸೇರಿಸಿ. ಮಾಡಿದ ದಿನವೇ ಬಳಸಿ. ರೋಗ ಕಾಣಿಸುವ ವಾತಾವರಣವಿದ್ದರೆ ಮೆಟಲಾಕ್ಸಿಲ್ ಮತ್ತು ಮ್ಯಾಂಕೊಜೆಬ್ ಕೂಡಿರುವ ಪುಡಿಯನ್ನು ಲೀಟರಿಗೆ ೨ ಗ್ರಾಂನಂತೆ ಬಿತ್ತಿದ ೨೦ ಮತ್ತು ೩೦ ನೇ ದಿನ ಸಿಂಪಡಿಸಬಹುದು. ಇದೇ ಔಷಧವನ್ನು ಮತ್ತೆ ಮತ್ತೆ ಹೊಡೆದರೆ ರೋಗಾಣು ಅದಕ್ಕೆ ಜಗ್ಗದಂತಾಗುತ್ತದೆ. ಯಾವ ಔಷಧಕ್ಕೂ ಮೊದಲು ಆ ವರ್ಷ ತಂಬಾಕು ಮಂಡಳಿ ಒಪ್ಪಿರುವ ಪಟ್ಟಿಯನ್ನು ಕೇಳಿ ನೋಡಿ. ಉಳಿಕೆ ವಿಷದ ಕಾರಣ ಸರಕು ತಿರಸ್ಕೃತವಾದರೆ ನಷ್ಟ ರೈತನದೇ.

ಮೊಸಾಯಿಕ್ ನಂಜುರೋಗ: ಎಲೆಯ ಮೇಲೆ ತಿಳಿ ಹಸಿರು, ಕಡು ಹಸಿರು ಮಚ್ಚೆಗಳು ಬೀಳುತ್ತವೆ. ೧೮೯೨ ರಲ್ಲಿ ರಷ್ಯದ ಇವಾನೊವ್‌ಸ್ಕಿ ಎಂಬ ವಿಜ್ಞಾನಿ ಬ್ಯಾಕ್ಟೀರಿಯಾಗಳನ್ನು ತಡೆಯುವ ಸೋಸುಗವನ್ನೂ ದಾಟಿಹೋಗುವ ರೋಗಕಾರಕವನ್ನು ತೋರಿಸಿಕೊಟ್ಟದ್ದು ಹೊಗೆಸೊಪ್ಪಿನ ಇದೇ ರೋಗದಲ್ಲಿ. ವೈರಸ್ ವಿಜ್ಞಾನ ಅಲ್ಲಿಂದಲೇ ಬೆಳೆಯಿತು. ಈ ನಂಜು ಕೀಟದಿಂದಲ್ಲ, ಮುಟ್ಟುವುದರಿಂದ ಹರಡುತ್ತದೆ. ಒಣಗಿದ ಹೊಗೆಸೊಪ್ಪಿನಲ್ಲೂ ವರ್ಷಗಟ್ಟಲೆ ಜೀವ ಹಿಡಿದಿರುತ್ತದೆ. ಬೀಡಿ ಸೇದಿದ, ಎಲೆಅಡಿಕೆಗೆ ಹೊಗೆಸೊಪ್ಪು ತಿಕ್ಕಿದ ಕೈ ಸಸಿಯನ್ನು ಮುಟ್ಟಿದರೆ ಸಾಕು. ಟ್ರೇ ಪದ್ಧತಿಯಲ್ಲಿ ಒಂದೊಂದು ಸಸಿಯೂ ಕೈಯ ಮೂಲಕವೇ ಹಾದುಹೋಗುವುದರಿಂದ ಇಲ್ಲಿ ಎಚ್ಚರಿಕೆ ಇಮ್ಮಡಿ ಬೇಕು. ಕೆಲಸಕ್ಕೆ ಮೊದಲು ಸೋಪಿನಿಂದ ಕೈ ತೊಳೆಯಿರಿ. ಕೆಲಸದ ನಡುವೆ ಆಗಾಗ ಕೆನೆ ತೆಗೆದ ಹಾಲಿನಲ್ಲಿ ಕೈ ಅದ್ದಿಕೊಳ್ಳಿ, ಹಾಲಿನ ಸಸಾರಜನಕ ಈ ನಂಜಿನ ಶಕ್ತಿಯನ್ನು ತಗ್ಗಿಸುತ್ತದೆ. ಟ್ರೇಗಳ ಬಳಿ ಬೀಡಿ, ಎಲೆಅಡಿಕೆ ಎರಡೂ ಕೂಡದು. ರೋಗದ ಸಸಿಗೆ ಮದ್ದಿಲ್ಲ, ಪಕ್ಕದ್ದನ್ನು ಮುಟ್ಟದಂತೆ ತೆಗೆದು ಸುಡಿ.

ಎಲೆ ಮುರುಟು ನಂಜುರೋಗವನ್ನು ಬಿಳಿನೊಣ ಹರಡುತ್ತದೆ. ಟ್ರೇಗಳ ಮೇಲೆ ಸಣ್ಣ ಕಣ್ಣಿನ ನೈಲಾನ್ ಪರದೆ ಕಟ್ಟುವುದೇ ಇದಕ್ಕೆ ಉತ್ತಮ ತಡೆ.

ಎಲೆ ತಿನ್ನುವ ಹುಳು: ಹಿತ್ತಲ ಸುತ್ತ ಒಂದು ಸಾಲು ಹರಳು ಹಾಕಿದರೆ ಚಿಟ್ಟೆ ಮೊದಲು ಅದರ ಮೇಲೆ ಮೊಟ್ಟೆಯಿಡುತ್ತದೆ. ಮೊಟ್ಟೆಯ ಗುಂಪು, ಮರಿಹುಳುಗಳಿರುವ ಎಲೆಯನ್ನು ಕಿತ್ತು ನಾಶಮಾಡಿ. ಸಸಿಗಳಿಗೆ ಶೇ. ೨ ರ ಬೇವಿನ ಬೀಜದ ತಿರುಳಿನ ದ್ರಾವಣ ಸಿಂಪಡಿಸಿ.

ಸಸಿ ಗಟ್ಟಿಗೊಳಿಸುವುದು ಮತ್ತು ನಾಟಿ

ಟ್ರೇಯಲ್ಲಿ ೨೫ ರಿಂದ ೩೦ ದಿನ ಕಳೆದ ಸಸಿ ಒಂದು ಗೇಣಿಗಿಂತ ಕೊಂಚ ಚಿಕ್ಕದಿರುತ್ತದೆ, ಕಾಂಡ ದಪ್ಪಗಿರುತ್ತದೆ. ನಾಟಿಗೆ ಒಂದು ವಾರ ಮುಂಚೆ ನೆರಳು ಪೂರ್ತಿ ತೆಗೆದು, ಗೊಬ್ಬರ ನಿಲ್ಲಿಸಿ, ನೀರು ತಗ್ಗಿಸಿ. ಮಧ್ಯಾಹ್ನ ಎಲೆ ತುಸು ಬಾಡಿ ಸಂಜೆಗೆ ಎದ್ದು ನಿಂತರೆ ಸಸಿ ಗಟ್ಟಿಯಾಗುತ್ತಿದೆ ಎಂದು ತಿಳಿಯಿರಿ. ಕಾಂಡವನ್ನು ಬೆರಳಿಗೆ ಸುತ್ತಿ ನೋಡಿ. ಲಟಕ್ಕನೆ ಮುರಿದರೆ ಇನ್ನೂ ಎಳೆಯದು, ಮುರಿಯದೆ ಬಳುಕಿದರೆ ಹೊಲಕ್ಕೆ ಸಿದ್ಧ.

ನಾಟಿಯ ಹಿಂದಿನ ರಾತ್ರಿ ಟ್ರೇಗೆ ತುಂಬ ನೀರು ಕೊಡಿ. ಗುಳಿಯ ತಳವನ್ನು ಒತ್ತಿ ಉಂಡೆಯ ಸಮೇತ ಸಸಿಯನ್ನು ಹೊರತೆಗೆಯಿರಿ. ಉಂಡೆಯ ಮೇಲ್ಭಾಗ ಮಣ್ಣಿನಿಂದ ಪೂರ್ತಿ ಮುಚ್ಚಬೇಕು. ಹೊರಗೆ ಕಾಣುವ ನಾರಿನ ಪುಡಿ ದೀಪದ ಬತ್ತಿಯಂತೆ ಒಳಗಿನ ತೇವವನ್ನು ಮೇಲಕ್ಕೆಳೆದು ಒಣಗಿಸುತ್ತದೆ. ಟ್ರೇ ಸಸಿ ಸತ್ತುಹೋಗಲು ಬಹಳ ಸಲ ಇದೊಂದೇ ಕಾರಣ. ಮಳೆ ಹಿಂದೆಗೆದರೆ ಗಿಡಕ್ಕೊಂದು ಚೊಂಬು ನೀರು ಕೊಡಿ. ಹತ್ತು ದಿನಗಳೊಳಗೆ ಉಳಿಸಿಟ್ಟ ಸಸಿಗಳಿಂದ ಖಾಲಿ ತುಂಬಿ. ಕೆಲಸ ಮುಗಿದ ಟ್ರೇಗಳನ್ನು ತೊಳೆದು, ಬ್ಲೀಚಿಂಗ್ ಪುಡಿಯ ನೀರಿನಲ್ಲಿ ಅದ್ದಿ, ಮತ್ತೆ ತಿಳಿನೀರಿನಲ್ಲಿ ತೊಳೆದು, ನೆರಳಿನಲ್ಲಿ ಒಣಗಿಸಿ ಎತ್ತಿಟ್ಟರೆ ಮುಂದಿನ ವರ್ಷಕ್ಕೂ ಬರುತ್ತವೆ.

ಕೆಲವು ಎಚ್ಚರಿಕೆಯ ಮಾತುಗಳು

೧. ವರ್ಜಿನಿಯಾ ಹೊಗೆಸೊಪ್ಪನ್ನು ಯಾರು ಬೇಕಾದರೂ ಬೆಳೆಯುವಂತಿಲ್ಲ. ೧೯೭೫ ರ ತಂಬಾಕು ಮಂಡಳಿ ಕಾಯಿದೆಯಂತೆ ಬೆಳೆಗಾರರು ಮಂಡಳಿಯಲ್ಲಿ ನೋಂದಾಯಿಸಿಕೊಂಡಿರಬೇಕು. ಮಾರಾಟಕ್ಕಾಗಿ ಸಸಿ ಬೆಳೆಸುವವರಿಗೂ ನೋಂದಣಿ ಬೇಕು. ಹಿತ್ತಲಲ್ಲಿ ಬೆಳೆಸಿದ ಮಾತ್ರಕ್ಕೆ ಈ ನಿಯಮ ತಪ್ಪುವುದಿಲ್ಲ.

೨. ಹೊಗೆಸೊಪ್ಪಿನಲ್ಲಿರುವ ನಿಕೋಟಿನ್ ಚರ್ಮದ ಮೂಲಕವೂ ಮೈಗೆ ಇಳಿಯುವ ವಿಷ. ಒದ್ದೆ ಗಿಡದಲ್ಲಿ ಕೆಲಸ ಮಾಡಿದವರಿಗೆ ತಲೆ ಸುತ್ತು, ವಾಕರಿಕೆ, ವಾಂತಿ ಬರುವುದು ಇದರಿಂದಲೇ. ಇಬ್ಬನಿ ಆರಿದ ಮೇಲೆ ಕೆಲಸಕ್ಕಿಳಿಯಿರಿ, ಕೈಗವಸು ಹಾಕಿ. ಮಕ್ಕಳನ್ನೂ ಗರ್ಭಿಣಿಯರನ್ನೂ ಈ ಕೆಲಸಕ್ಕೆ ಹಚ್ಚಬೇಡಿ.

೩. ತರಕಾರಿಗೆ ಹೇನು ಬಿದ್ದರೆ ಹೊಗೆಸೊಪ್ಪಿನ ಕಷಾಯ ಹೊಡೆಯಿರೆಂದು ಹಿಂದೆ ಹೇಳುತ್ತಿದ್ದರು. ಕಷಾಯಕ್ಕೆಂದು ಕುಂಡದಲ್ಲಿ ಒಂದೆರಡು ಗಿಡ ಇಟ್ಟುಕೊಳ್ಳುವವರೂ ಉಂಟು. ಇದು ಬೇಡ. ಸಿಂಪಡಿಸುವವನಿಗೂ ತಿನ್ನುವವನಿಗೂ ಅದು ಅಪಾಯ. ನಿಕೋಟಿನ್ ಸಲ್ಫೇಟ್ ಕೀಟನಾಶಕದ ಬಳಕೆಯನ್ನು ನಮ್ಮ ದೇಶದಲ್ಲಿ ನಿಷೇಧಿಸಲಾಗಿದೆ. ಅಲ್ಲದೆ ಕುಂಡದ ಹೊಗೆಸೊಪ್ಪಿನಿಂದ ಪಕ್ಕದ ಟೊಮ್ಯಾಟೊ, ಮೆಣಸಿನ ಗಿಡಕ್ಕೆ ಮೊಸಾಯಿಕ್ ನಂಜು ತಗಲುತ್ತದೆ. ಆ ಕೆಲಸಕ್ಕೆ ಬೇವಿನ ಬೀಜವೇ ಸಾಕು.

೪. ಹೊಗೆಸೊಪ್ಪು ಸೇದುವವನ ಆರೋಗ್ಯಕ್ಕೂ, ಬೇಯಿಸಲು ಕಡಿಯುವ ಸೌದೆಯಿಂದ ನಮ್ಮ ಮರಗಳಿಗೂ ಹಾನಿಯೆಂಬುದು ನಿಜ. ವಿಶ್ವ ಆರೋಗ್ಯ ಸಂಸ್ಥೆಯ ತಂಬಾಕು ನಿಯಂತ್ರಣ ಒಪ್ಪಂದವನ್ನು ಭಾರತ ೨೦೦೪ ರಲ್ಲಿ ಅನುಮೋದಿಸಿದೆ. ಈ ಬೆಳೆಯನ್ನೇ ನಂಬಿದ ಕುಟುಂಬಗಳು ಒಂದೇ ದಿನದಲ್ಲಿ ಬಿಡಲಾರವು, ಆದರೆ ಒಂದು ಭಾಗದಲ್ಲಾದರೂ ಬೇರೆ ಬೆಳೆ ಹಾಕಿ ನೋಡುವುದು ಜಾಣತನ. ಇದೇ ಟ್ರೇ, ಇದೇ ನೆರಳು ಬಲೆ, ಇದೇ ಕೈಚಳಕದಿಂದ ಎಲೆಕೋಸು, ಚೆಂಡುಹೂ ಮೊದಲಾದ ಬೆಳೆಗಳ ಸಸಿಯನ್ನೂ ಬೆಳೆಸಬಹುದು. ಟ್ರೇಗೆ ಹಾಕಿದ ಹಣ ಎರಡು ದಾರಿಗೂ ಒದಗುತ್ತದೆ.

ಕೆಲಸದ ಪಂಚಾಂಗ

ಫೆಬ್ರವರಿ: ಮಡಿಗೆ ಪಾಲಿಥೀನ್ ಹೊದಿಕೆ, ಬೀಜ ಮತ್ತು ಟ್ರೇ ಸಂಗ್ರಹ.
ಮಾರ್ಚ್ ಮಧ್ಯ: ಚಿಕ್ಕ ಮಡಿಯಲ್ಲಿ ಬಿತ್ತನೆ, ಹರಳಿನ ಸಾಲು.
ಏಪ್ರಿಲ್ ಎರಡನೆಯ ವಾರ: ಟ್ರೇಗೆ ಕೂಡಿಸುವುದು, ಒಂದು ವಾರ ನೆರಳು.
ಏಪ್ರಿಲ್ ಕೊನೆ: ವಾರಕ್ಕೊಮ್ಮೆ ಗೊಬ್ಬರದ ನೀರು, ರೋಗ ಕೀಟಗಳ ಮೇಲೆ ಕಣ್ಣು.
ಮೇ ಮೊದಲ ವಾರ: ಸಸಿ ಗಟ್ಟಿಗೊಳಿಸುವುದು.
ಮೇ ಮಧ್ಯದಿಂದ: ಮಳೆ ನೋಡಿ ನಾಟಿ, ಹತ್ತು ದಿನಗಳೊಳಗೆ ಖಾಲಿ ತುಂಬುವುದು.

ಪಾಠ ಓದಿದ ಮೇಲೆ ಈ ಪ್ರಶ್ನೆಗಳಿಗೆ ನೀವೇ ಉತ್ತರಿಸಿ ನೋಡಿ

೧. ಹೊಗೆಸೊಪ್ಪಿನ ಬೀಜವನ್ನು ಮಣ್ಣಿನಿಂದ ಏಕೆ ಮುಚ್ಚಬಾರದು?
೨. ಸಸಿಯನ್ನು ಎತ್ತುವಾಗ ಕಾಂಡದ ಬದಲು ಎಲೆಯನ್ನೇಕೆ ಹಿಡಿಯಬೇಕು?
೩. ಟ್ರೇಯನ್ನು ನೆಲದ ಮೇಲೆ ಇಟ್ಟರೆ ಆಗುವ ಎರಡು ತೊಂದರೆಗಳು ಯಾವುವು?
೪. ಬೀಡಿ ಸೇದಿದ ಕೈಯಿಂದ ಸಸಿಗೆ ಬರುವ ರೋಗ ಯಾವುದು?
೫. ನಾಟಿಯಲ್ಲಿ ನಾರಿನ ಉಂಡೆ ಹೊರಗೆ ಕಾಣಿಸಿದರೆ ಏನಾಗುತ್ತದೆ?

ಐದಕ್ಕೂ ಉತ್ತರ ತಿಳಿದಿದ್ದರೆ ಈ ವರ್ಷ ಹತ್ತು ಟ್ರೇಗಳಿಂದ ಪ್ರಾರಂಭಿಸಿ. ಮಡಿಯ ಸಸಿಯನ್ನೂ ಟ್ರೇಯ ಸಸಿಯನ್ನೂ ಅಕ್ಕಪಕ್ಕದ ಸಾಲುಗಳಲ್ಲಿ ನೆಟ್ಟು, ಹದಿನೈದು ದಿನಗಳ ನಂತರ ಖಾಲಿ ಬಿದ್ದ ಗುಣಿಗಳನ್ನು ಎಣಿಸಿ ನೋಡಿ. ಮುಂದಿನ ವರ್ಷ ಎಷ್ಟು ಟ್ರೇ ಬೇಕೆಂಬುದನ್ನು ನಿಮ್ಮ ಹೊಲವೇ ಹೇಳುತ್ತದೆ.